ರೋಣಗಲ್ಲು ಉರುಳಿಸಿದ ಮೇಲೆ ಹುಟ್ಟಿದ ಕುದುರೆ ಮಸಾಲೆ

ಮೊದಲ ಸಲ ಕುದುರೆ ಮಸಾಲೆ (ಲೂಸರ್ನ್ ಎಂಬ ಮೇವಿನ ಬೆಳೆ) ಬಿತ್ತಿದಾಗ ಮುಕ್ಕಾಲು ಎಕರೆಯಲ್ಲಿ ಒತ್ತಾಗಿ ಹುಟ್ಟಿದ್ದು ಎರಡೇ ಪಟ್ಟಿ. ಉಳಿದ ಕಡೆ ಅಲ್ಲೊಂದು ಇಲ್ಲೊಂದು ಸಸಿ. ಕಳೆ ಕೀಳಲು ಬಂದಿದ್ದ ಅಜ್ಜಿಯೊಬ್ಬರು ಬದುವಿನ ಮೇಲೆ ನಿಂತು ನೋಡಿ, "ಏನಪ್ಪಾ, ಟ್ರ್ಯಾಕ್ಟರ್ ತುಳಿದ ಕಡೆಯೇ ಹುಟ್ಟಿದೆಯಲ್ಲ" ಎಂದರು. ಅದುವರೆಗೆ ನಾನು ಬೀಜದ ಮೇಲೆ ಅನುಮಾನಪಡುತ್ತಿದ್ದೆ. ಬಗ್ಗಿ ನೋಡಿದರೆ ಅವರ ಮಾತು ನಿಜ. ಚಕ್ರದ ಜಾಡಿನಲ್ಲಿ, ಬೀಜ ಎರಚುತ್ತ ನಾನು ನಡೆದ ಹೆಜ್ಜೆಗಳಲ್ಲಿ ಹಸಿರು ತುಂಬಿತ್ತು.

ನಮ್ಮದು ಶಿರಾ ಕಡೆಯ ಕೆಂಪು ಮಣ್ಣು. ನಾಲ್ಕು ಹಸು, ಒಂದಷ್ಟು ಮೇಕೆ. ಬೇಸಿಗೆಯಲ್ಲಿ ಬರೀ ರಾಗಿ ಹುಲ್ಲಿನಿಂದ ಹಾಲು ಉಳಿಯುವುದಿಲ್ಲ. ಚಳಿಗಾಲದ ಒಣ ಹವೆಯಲ್ಲಿ ಕುದುರೆ ಮಸಾಲೆಯನ್ನು ಕೊಯ್ದು, ಎಲೆ ಉದುರದಂತೆ ನೆರಳಿನಲ್ಲಿ ಒಣಗಿಸಿಟ್ಟುಕೊಂಡರೆ ಆ ಕೊರತೆ ನೀಗುತ್ತದೆ. ಒಮ್ಮೆ ಬಿತ್ತಿದರೆ ಮೂರು ನಾಲ್ಕು ವರ್ಷ ನಿಲ್ಲುವ ಬೆಳೆಯಾದ್ದರಿಂದ ಭೂಮಿ ಹದ ಮಾಡಲು ಸಿಗುವುದು ಒಂದೇ ಅವಕಾಶ. ಆಗ ಉಳಿಸಿದ ಗರಿಕೆಯ ಬೇರು ಅಷ್ಟೂ ವರ್ಷ ಹೊಲದಲ್ಲೇ ಇರುತ್ತದೆ.

ನಾನು ಮಾಡಿದ್ದ ತಪ್ಪೆಂದರೆ, ರೋಟವೇಟರನ್ನು ಮೂರು ಸಲ ಹೊಡೆಸಿ ಮಣ್ಣನ್ನು ಹಿಟ್ಟು ಮಾಡಿದ್ದು. ಕಾಲಿಟ್ಟರೆ ಹಿಮ್ಮಡಿ ಮುಳುಗುತ್ತಿತ್ತು. ನೋಡಲು ಸೊಗಸಾಗಿತ್ತು, ಆದರೆ ಬೀಜ ರಾಗಿ ಕಾಳಿನಷ್ಟು ಸಣ್ಣದು. ಅಂಥ ಪೊಳ್ಳು ಮಣ್ಣಿನಲ್ಲಿ ಆಳಕ್ಕೆ ಇಳಿದ ಬೀಜಕ್ಕೆ ಮೇಲೆ ಬರುವ ಶಕ್ತಿ ಸಾಲಲಿಲ್ಲ. ಮೇಲೆ ಉಳಿದದ್ದು ಮೊಳೆತು ಒಣಗಿತು. ಮಣ್ಣು ನುಣ್ಣಗಿರಬೇಕು ನಿಜ, ಆದರೆ ಬೀಜವನ್ನು ಒತ್ತಿ ಹಿಡಿದುಕೊಳ್ಳುವಷ್ಟು ಗಟ್ಟಿಯಾಗಿಯೂ ಇರಬೇಕು. ಹಾಗಿದ್ದರೆ ಮಾತ್ರ ಕೆಳಗಿನ ತೇವ ಬೀಜದವರೆಗೆ ಏರುತ್ತದೆ.

ಮರುವರ್ಷ ಏಪ್ರಿಲ್‌ನಲ್ಲೇ ಕೆಲಸ ಶುರು ಮಾಡಿದೆ. ಮೊದಲ ಮಳೆಗೆ ಆಳವಾಗಿ ಉಳುಮೆ ಮಾಡಿಸಿ, ಹೆಂಟೆಗಳನ್ನು ಹಾಗೆಯೇ ಬಿಸಿಲಿಗೆ ಬಿಟ್ಟೆ. ಮೇಲೆ ಬಂದ ಗರಿಕೆಯ ಬೇರನ್ನು ಆರಿಸಿ ಹೊಲದಿಂದ ಆಚೆ ಹಾಕಿದೆವು. ಮಣ್ಣು ಪರೀಕ್ಷೆಯಲ್ಲಿ ರಸಸಾರ (ಪಿಎಚ್) 5.8 ಬಂದಿತ್ತು. ಈ ಬೆಳೆಗೆ 6.5ರ ಮೇಲಿದ್ದರೆ ಒಳ್ಳೆಯದು. ರಸಸಾರ ಕಡಿಮೆಯಿರುವ ಹುಳಿ ಮಣ್ಣಿನಲ್ಲಿ, ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬೇರಿನ ಗಂಟು ಸರಿಯಾಗಿ ಕಟ್ಟುವುದಿಲ್ಲ. ಹುಳಿ ತಗ್ಗಿಸುವ ಸುಣ್ಣ ಕರಗಿ ಮಣ್ಣಿನೊಂದಿಗೆ ಬೆರೆಯಲು ತಿಂಗಳುಗಳೇ ಬೇಕಾಗುವುದರಿಂದ ಜೂನ್‌ನಲ್ಲೇ ಹಾಕಿ, ಕುಂಟೆ ಹೊಡೆಸಿದೆ. ಸೆಪ್ಟೆಂಬರ್‌ನಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಜೊತೆಗೆ ರಂಜಕಕ್ಕೆಂದು ಸೂಪರ್ ಫಾಸ್ಫೇಟ್. ರಂಜಕ ಮಣ್ಣಿನಲ್ಲಿ ಹಾಕಿದ ಕಡೆಯಿಂದ ಹೆಚ್ಚು ಕದಲುವುದಿಲ್ಲ, ಬೆಳೆ ನಿಂತ ಮೇಲೆ ಬೇರಿನ ಆಳಕ್ಕೆ ಸೇರಿಸುವ ದಾರಿಯೂ ಇಲ್ಲ.

ಆಮೇಲೆ ಕಳೆ. ಬೀಜ ಹಾಕದೆಯೇ ತುಂತುರು ನೀರು ಬಿಟ್ಟೆ. ಹತ್ತು ದಿನಕ್ಕೆ ಹೊಲವೆಲ್ಲ ಕಳೆಯ ಮೊಳಕೆ. ಎರಡು ಬೆರಳು ಆಳಕ್ಕಿಂತ ಹೆಚ್ಚು ಇಳಿಯದಂತೆ ಕುಂಟೆ ಹಾಯಿಸಿ ಅದನ್ನೆಲ್ಲ ಕೊಂದೆ. ಆಳಕ್ಕೆ ಹೋದರೆ ಅಡಿಯಲ್ಲಿದ್ದ ಹೊಸ ಕಳೆಬೀಜ ಮೇಲೆ ಬರುತ್ತದೆ. ಹೀಗೆ ಎರಡು ಸಲ ಮಾಡಿದೆ. ಈ ಬೆಳೆ ಮೊದಲ ಒಂದೂವರೆ ತಿಂಗಳು ಬಹಳ ನಿಧಾನವಾಗಿ ಬೆಳೆಯುತ್ತದೆ, ಆಗ ಕಳೆ ಇದ್ದರೆ ಸಸಿ ಸೋಲುತ್ತದೆ.

ನೆಲ ಒತ್ತುವುದಕ್ಕೆ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ಕಣದ ಅಂಚಿನಲ್ಲಿ ಬಿದ್ದಿದ್ದ ರೋಣಗಲ್ಲು, ಹಿಂದೆ ತೆನೆ ಒಕ್ಕಲು ಉರುಳಿಸುತ್ತಿದ್ದ ಕಲ್ಲು, ಕಣ್ಣಿಗೆ ಬಿತ್ತು. ಒಕ್ಕಣೆ ಯಂತ್ರ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಹೊಸ ಚೌಕಟ್ಟು ಕಟ್ಟಿಸಿ, ಎತ್ತು ಹೂಡಿ, ಬಿತ್ತುವ ಮೊದಲೇ ಹೊಲದ ಮೇಲೆ ಒಂದು ಸುತ್ತು ಉರುಳಿಸಿದೆ. ಹಿಮ್ಮಡಿ ಒತ್ತಿ ನೋಡಿದರೆ ಗುರುತು ಒಂದು ಸೆಂಟಿಮೀಟರಿನಷ್ಟು ಮಾತ್ರ ಇಳಿಯಬೇಕು. ಇಳಿದದ್ದು ಅಷ್ಟೇ. ಮೇಲ್ಮಣ್ಣು ಹಸಿಯಿದ್ದಾಗ ಮಾತ್ರ ಈ ಕೆಲಸ ಮಾಡಬಾರದು. ಮಣ್ಣು ಕಲ್ಲಿಗೆ ಮೆತ್ತಿಕೊಂಡು ಏಳುತ್ತದೆ, ಒಣಗಿದ ಮೇಲೆ ನೆಲ ಬಿರುಸಾಗಿ ಮೊಳಕೆಯನ್ನು ತಡೆಯುತ್ತದೆ.

ನವೆಂಬರ್ ಮೊದಲ ವಾರ ಎಕರೆಗೆ ಹತ್ತು ಕಿಲೋ ಲೆಕ್ಕದಲ್ಲಿ ಬೀಜ. ಬೇರಿನಲ್ಲಿ ಗಂಟು ಕಟ್ಟಿಸುವ ಸೂಕ್ಷ್ಮಾಣುವಾದ ರೈಜೋಬಿಯಂನಲ್ಲಿ ಕುದುರೆ ಮಸಾಲೆಗೆಂದೇ ಇರುವುದನ್ನು ಲೇಪಿಸಿದ್ದೆ, ಕಡಲೆಕಾಯಿಯದು ಇದಕ್ಕೆ ಆಗುವುದಿಲ್ಲ. ಮರಳು ಬೆರೆಸಿ ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಎರಚಿ, ಜಾಲಿ ಕೊಂಬೆ ಎಳೆದು ಮುಚ್ಚಿ, ಮತ್ತೊಮ್ಮೆ ಕಲ್ಲು ಉರುಳಿಸಿದೆ. ದಿನವೂ ಸಂಜೆ ಸ್ವಲ್ಪ ಸ್ವಲ್ಪ ತುಂತುರು ನೀರು. ಐದನೆಯ ದಿನ ಬೆಳಿಗ್ಗೆ ಹೊಲದ ತುಂಬ ಎರಡೆರಡು ಎಲೆ ಬಿಚ್ಚಿಕೊಂಡಿದ್ದವು.

ಎರಡು ತಿಂಗಳಾದ ಮೇಲೆ ಮೊದಲ ಕೊಯ್ಲಿಗೆ ಮುಂಚೆ ಒಂದು ಗಿಡವನ್ನು ಮಣ್ಣು ಸಮೇತ ಅಗೆದು ಬೇರು ತೊಳೆದೆ. ಗಂಟೊಂದನ್ನು ಉಗುರಿನಿಂದ ಸೀಳಿದರೆ ಒಳಗೆ ಕೆಂಪು ಬಣ್ಣವಿತ್ತು. ಸಾರಜನಕ ಕಟ್ಟುವ ಕೆಲಸ ನಡೆಯುತ್ತಿದೆ ಎಂದು ಸಮಾಧಾನವಾಯಿತು.

ಪಕ್ಕದ ಅರ್ಧ ಎಕರೆಯನ್ನೂ ಇದಕ್ಕೇ ಇಟ್ಟುಕೊಂಡಿದ್ದೇನೆ. ಆದರೆ ಅಲ್ಲಿ ಕೊನ್ನಾರಿ ಕಳೆಯ ಗಡ್ಡೆ ಇನ್ನೂ ಸಿಗುತ್ತಿದೆ. ಈ ವರ್ಷ ಅಲ್ಲಿ ಬಿತ್ತುವುದಿಲ್ಲ, ಇನ್ನೊಂದು ಬೇಸಿಗೆ ಉಳುಮೆ ಆಗಲಿ.