ಜಪಾನಿ ಪಾಪ್ ಎಲ್‌ಪಿ ಕೊಳ್ಳೋದು ಹೇಗೆ: ಮೊದಲು ಪ್ಲೇಟು ನೋಡಿ, ಆಮೇಲೆ ಕವರ್

ಟೋಕಿಯೊಗೆ ಹೋಗಿಬಂದವರು ಬ್ಯಾಗಿನಿಂದ ಎಲ್‌ಪಿ ತೆಗೆದು ತೋರಿಸುವುದು ಕವರನ್ನು. ನಾನು ಕೇಳುವುದು ಪ್ಲೇಟನ್ನು. ಕವರ್ ಹೊಸದರಂತೆ ಹೊಳೆಯುತ್ತಿರುತ್ತದೆ. ಅದರ ಎಡಗಡೆ ಸುತ್ತಿದ ಕಾಗದದ ಪಟ್ಟಿ, ಅಂದರೆ ಓಬಿ, ಚೂರೂ ಹರಿದಿರುವುದಿಲ್ಲ. ಸೂಜಿ ಇಟ್ಟ ಮೇಲೆ ಗೊತ್ತಾಗುತ್ತದೆ, ಹಾಡಿಗಿಂತ ಚಟಪಟ ಸದ್ದೇ ಜಾಸ್ತಿ ಅಂತ. ದುಡ್ಡು ಹೋಗಿದ್ದು ಕಾಗದಕ್ಕೆ. ಎಪ್ಪತ್ತು ಎಂಬತ್ತರ ದಶಕದ ಜಪಾನಿ ಪಾಪ್, ಈಗ ಸಿಟಿ ಪಾಪ್ ಅಂತ ಲೋಕವೆಲ್ಲ ಕರೆಯುವ ಆ ಸಂಗೀತ, ಸ್ಟುಡಿಯೋದಲ್ಲಿ ಅಷ್ಟೊಂದು ಮುತುವರ್ಜಿಯಿಂದ ಧ್ವನಿಮುದ್ರಣವಾಗಿದ್ದು. ಅದನ್ನು ಗೀರು ಬಿದ್ದ ಪ್ಲೇಟಿನಲ್ಲಿ ಕೇಳಬೇಕಾ? ಬೇಡ. ಹೀಗೆ ಮಾಡಿ.

ಮೊದಲ ಹೆಜ್ಜೆ: ಪಟ್ಟಿ

ಐದಾರು ಆಲ್ಬಮ್ ಸಾಕು. ಎಯಿಚಿ ಒತಾಕಿಯ ‘ಎ ಲಾಂಗ್ ವೆಕೇಶನ್’ (1981), ತತ್ಸುರೊ ಯಮಾಶಿತಾರ ‘ಫಾರ್ ಯೂ’ (1982), ಮರಿಯಾ ತಕೆಉಚಿಯ ‘ವೆರೈಟಿ’ (1984), ಮಿಕಿ ಮತ್ಸುಬಾರಾರ ‘ಪಾಕೆಟ್ ಪಾರ್ಕ್’ (1980), ಆನ್ರಿಯ ‘ಟೈಮ್ಲಿ’ (1983). ಇಷ್ಟು ಕೇಳಿದ ಮೇಲೆ ನಿಮ್ಮ ರುಚಿ ನಿಮಗೇ ಗೊತ್ತಾಗುತ್ತದೆ. ಬಹಳಷ್ಟನ್ನು ಮೊದಲು ಫೋನಿನಲ್ಲೇ ಕೇಳಬಹುದು. ಯಮಾಶಿತಾ ಮಾತ್ರ ತಮ್ಮ ಆಲ್ಬಮ್‌ಗಳನ್ನು ಸ್ಟ್ರೀಮಿಂಗ್‌ಗೆ ಕೊಟ್ಟಿಲ್ಲ, ಹಾಗಾಗಿ ‘ಫಾರ್ ಯೂ’ ಬೇಕಾದರೆ ಎಲ್‌ಪಿನೋ ಸಿಡಿನೋ ಕೊಳ್ಳಲೇಬೇಕು.

ಇಲ್ಲಿ ಒಂದು ಮಾತು. ಆಗ ಚೆನ್ನಾಗಿ ಮಾರಾಟವಾದ ಆಲ್ಬಮ್‌ಗಳಿಂದ ಶುರು ಮಾಡಿ. ಮರಿಯಾ ತಕೆಉಚಿಯ ‘ಪ್ಲಾಸ್ಟಿಕ್ ಲವ್’ ಹಾಡಿಗಾಗಿ 1985ರ ಹನ್ನೆರಡು ಇಂಚಿನ ಸಿಂಗಲ್, ಅಂದರೆ ಒಂದೆರಡೇ ಹಾಡಿರುವ ಪ್ಲೇಟಿನ ಹಿಂದೆ ಬೀಳುವವರು ಜಾಸ್ತಿ. ಅದೇ ಹಾಡು ‘ವೆರೈಟಿ’ಯ ಮೊದಲ ಬದಿಯಲ್ಲಿ ಎರಡನೆಯದಾಗಿ ಇದೆ. ‘ವೆರೈಟಿ’ ಜಪಾನಿನ ಆಲ್ಬಮ್ ಪಟ್ಟಿಯಲ್ಲಿ ಒಂದನೇ ಜಾಗಕ್ಕೆ ಏರಿದ್ದು, ಪ್ರತಿಗಳು ಬೇಕಾದಷ್ಟು ಓಡಾಡುತ್ತಿವೆ. ಒಂದು ಸರಿಯಿಲ್ಲದಿದ್ದರೆ ಇನ್ನೊಂದು ಸಿಗುತ್ತದೆ. ಆ ಕಾಯುವ ತಾಳ್ಮೆ ಒಂದಿದ್ದರೆ ಅರ್ಧ ಕೆಲಸ ಆದ ಹಾಗೆ. ಆ ಕಾಲದ ಜನಪ್ರಿಯ ಗಾಯಕಿಯರಾದ ಸೆಯಿಕೊ ಮತ್ಸುದಾ, ಮೊಮೊಯೆ ಯಮಾಗುಚಿ ಅವರ ಎಲ್‌ಪಿಗಳೂ ಹೀಗೇ, ಅಗ್ಗದ ಡಬ್ಬಗಳಲ್ಲಿ ಕೆಲವು ನೂರು ಯೆನ್‌ಗೆ ಸಿಗುತ್ತವೆ. ಫ್ಯಾಷನ್ ಅಲ್ಲ ಅಂತ ಬಿಟ್ಟು ಮುಂದೆ ಹೋಗಬೇಡಿ, ಅವುಗಳಲ್ಲಿ ನುಡಿಸಿದವರೂ ಆ ಕಾಲದ ಅತ್ಯುತ್ತಮ ವಾದಕರೇ.

ಎರಡನೆಯದು: ಹಳೆಯದೋ, ಮರುಮುದ್ರಣವೋ

ನನ್ನ ಮಾತು ಕೇಳಿದರೆ, ಮೊದಲ ಎಲ್‌ಪಿ ಮರುಮುದ್ರಣವೇ ಆಗಿರಲಿ. ಯೊಕೊಹಾಮಾದ ತೋಯೊ ಕಸೇ ಕಾರ್ಖಾನೆ ಸಿಡಿ ಕಾಲದಲ್ಲೂ ಎಲ್‌ಪಿ ಒತ್ತುವುದನ್ನು ನಿಲ್ಲಿಸಲಿಲ್ಲ. ಸೋನಿ 2018ರಲ್ಲಿ ಮತ್ತೆ ಶುರು ಮಾಡಿತು. ‘ಫಾರ್ ಯೂ’ 2023ರ ಮೇ ತಿಂಗಳಲ್ಲಿ ಹೊಸದಾಗಿ ಬಂತು. ತಾಯೆಕೊ ಒನುಕಿಯ ‘ಸನ್‌ಶವರ್’ 1977ರಲ್ಲಿ ಬಂದಾಗ ಅಷ್ಟೇನೂ ಮಾರಾಟವಾಗಲಿಲ್ಲ. 2017ರಲ್ಲಿ ಅದನ್ನು ಹುಡುಕಿಕೊಂಡು ಜಪಾನಿಗೆ ಬಂದ ಅಮೆರಿಕನ್ ಒಬ್ಬನನ್ನು ಅಲ್ಲಿನ ಟಿವಿ ತೋರಿಸಿದ ಮೇಲಂತೂ ಹಳೆಯ ಪ್ರತಿ ಇನ್ನೂ ದುಬಾರಿ. ಅದನ್ನು ಮರುಮುದ್ರಣದಲ್ಲೇ ಕೊಳ್ಳಿ, ಕಣ್ಣು ಮುಚ್ಚಿಕೊಂಡು.

ಹಳೆಯದೇ ಬೇಕು ಅನ್ನುವವರು ಮೋಸ ಹೋಗದಿರಲು ಮೂರು ವಿಷಯ ನೋಡಿ. ಕ್ಯಾಟಲಾಗ್ ಸಂಖ್ಯೆ: ‘ಎ ಲಾಂಗ್ ವೆಕೇಶನ್’ ಮೊದಲ ಪ್ರೆಸ್ಸಿಂಗ್, ಅಂದರೆ ಮೊದಲ ಮುದ್ರಣ, 27ಎಎಚ್ 1234, ಬೇರೆ ಸಂಖ್ಯೆ ಇದ್ದರೆ ಅದು ಬೇರೆ ಪ್ರೆಸ್ಸಿಂಗ್. ಬೆಲೆ: ಜಪಾನಿನಲ್ಲಿ ಬಳಕೆ ತೆರಿಗೆ ಬಂದಿದ್ದು 1989ರ ಏಪ್ರಿಲ್‌ನಲ್ಲಿ, ಹಾಗಾಗಿ 1982ರ ಆಲ್ಬಮ್ ಮೇಲೆ ತೆರಿಗೆ ಸೇರಿಸಿದ ಬೆಲೆ ಅಚ್ಚಾಗಿದ್ದರೆ ಅದು ಮೊದಲ ಮುದ್ರಣ ಅಲ್ಲ. 1977ರ ಆಲ್ಬಮ್‌ಗೆ ಬಾರ್‌ಕೋಡ್ ಇದ್ದರೂ ಅಷ್ಟೇ. ಕೊನೆಯದು, ಪ್ಲೇಟಿನ ಲೇಬಲ್ ಮೇಲೆ ಜಾಸ್ರಾಕ್ ಅನ್ನುವ ಹಕ್ಕುಸ್ವಾಮ್ಯ ಸಂಘದ ಹೆಸರು ಇರಬೇಕು. ಅನುಮತಿಯಿಲ್ಲದೆ ಒತ್ತಿ ಮಾರುವ ಸಿಟಿ ಪಾಪ್ ಎಲ್‌ಪಿಗಳೂ ಮಾರುಕಟ್ಟೆಯಲ್ಲಿವೆ. ಅವನ್ನು ಮುಟ್ಟಲೇಬೇಡಿ. ಹಾಡಿದವರಿಗೆ ಒಂದು ಯೆನ್ ಕೂಡ ಹೋಗಲ್ಲ.

ಮೂರನೆಯದು: ಪ್ಲೇಟಿನ ಪರೀಕ್ಷೆ

ಎಲ್ಲರೂ ಎಡವುವುದು ಇಲ್ಲೇ, ಅದಕ್ಕೆ ನಿಧಾನವಾಗಿ ಓದಿ.

ಟೋಕಿಯೊದ ಡಿಸ್ಕ್ ಯೂನಿಯನ್ ಆಗಲಿ, ಶಿಬುಯಾದ ಎಚ್‌ಎಂವಿ ರೆಕಾರ್ಡ್ ಶಾಪ್ ಆಗಲಿ, ಹಳೆಯ ಎಲ್‌ಪಿಯ ಪ್ಲಾಸ್ಟಿಕ್ ಹೊದಿಕೆ ಮೇಲೆ ಒಂದು ಚೀಟಿ ಇರುತ್ತದೆ. ಕವರಿನ ಸ್ಥಿತಿ ಬೇರೆ, ಪ್ಲೇಟಿನ ಸ್ಥಿತಿ ಬೇರೆ ಬರೆದಿರುತ್ತಾರೆ, ಎ, ಬಿ, ಸಿ ಅಂತ ಅಕ್ಷರಗಳಲ್ಲಿ. ಪ್ಲೇಟಿಗೆ ಸಿ ಇದ್ದರೆ ವಾಪಸ್ ಇಡಿ, ಓಬಿ ಎಷ್ಟೇ ಚೆಂದ ಇರಲಿ. ಪ್ಲೇಟಿಗೆ ಎ, ಕವರಿಗೆ ಬಿ, ಓಬಿ ಇಲ್ಲ ಅಂತಿದ್ದರೆ ನಾನಂತೂ ಎರಡನೇ ಸಲ ಯೋಚಿಸಲ್ಲ. ಓಬಿ ಇಲ್ಲದ್ದಕ್ಕೆ ಬೆಲೆ ಇಳಿದಿರುತ್ತದೆ, ಹಾಡು ಇಳಿದಿರುವುದಿಲ್ಲ.

ಚೀಟಿಯನ್ನೂ ಪೂರ್ತಿ ನಂಬಬೇಡಿ. ಕೌಂಟರಿಗೆ ಹೋಗಿ ‘ಕೆನ್‌ಬನ್ ಒನೆಗಾಯ್ ಶಿಮಸ್’ ಅನ್ನಿ, ಪ್ಲೇಟು ನೋಡಬೇಕು ಅಂತ. ಅಲ್ಲಿ ಇದು ಮಾಮೂಲು, ಯಾರೂ ಮುಖ ಸಿಂಡರಿಸಲ್ಲ. ಸಂಕೋಚ ಪಟ್ಟುಕೊಂಡು ಕೇಳದೇ ಬರುವವರೇ ಆಮೇಲೆ ಪೇಚಾಡುವುದು.

ಪ್ಲೇಟನ್ನು ಅಂಚಿನಲ್ಲಿ ಎರಡೂ ಅಂಗೈ ನಡುವೆ ಹಿಡಿಯಿರಿ. ಟ್ಯೂಬ್‌ಲೈಟ್ ಕೆಳಗೆ ನೇರವಾಗಿ ನೋಡಿದರೆ ಎಲ್ಲ ಪ್ಲೇಟೂ ಚೆನ್ನಾಗೇ ಕಾಣುತ್ತದೆ. ಒಂದೇ ಬಲ್ಬಿನ ಬೆಳಕು ಓರೆಯಾಗಿ ಬೀಳುವಂತೆ ವಾಲಿಸಿ, ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಕೂದಲೆಳೆಯಂಥ ತೆಳು ಗೆರೆಗಳು ಕಂಡರೆ ಚಿಂತೆ ಬೇಡ, ಅವು ಒಳಹೊದಿಕೆಯಿಂದ ತೆಗೆದು ಹಾಕುವಾಗ ಬೀಳುವಂಥವು, ಕೇಳುವಾಗ ಗೊತ್ತೇ ಆಗಲ್ಲ. ಗ್ರೂವ್‌ಗೆ, ಅಂದರೆ ಸೂಜಿ ಓಡುವ ಸಣ್ಣ ಕಾಲುವೆಗೆ, ಅಡ್ಡಲಾಗಿ ಬಿದ್ದ ಆಳದ ಗೀರು ಬೇರೆ ಕಥೆ. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ಸುತ್ತುವುದರಿಂದ ಆ ಗೀರು 1.8 ಸೆಕೆಂಡಿಗೊಮ್ಮೆ ಟಕ್ ಅನ್ನುತ್ತದೆ, ಗೀರು ದಾಟುವ ತನಕ. ಇನ್ನೂ ಕೆಟ್ಟದ್ದು ಗ್ರೂವ್ ಜೊತೆಜೊತೆಗೇ ಸಾಗುವ ಗೀರು. ಸೂಜಿ ಅದರೊಳಗೆ ಜಾರಿ ಒಂದೇ ಸಾಲು ಮತ್ತೆ ಮತ್ತೆ ಹಾಡಿಸುತ್ತದೆ.

ಈಗ ಮಧ್ಯದ ತೂತಿನ ಸುತ್ತ ಕಣ್ಣು ಹಾಯಿಸಿ. ಪ್ಲೇಟು ಹಾಕುವಾಗ ತೂತು ಸಿಗದೆ ಟರ್ನ್‌ಟೇಬಲ್ ಕಡ್ಡಿ ಲೇಬಲ್ ಮೇಲೆ ಉಜ್ಜಿದರೆ ಸಣ್ಣ ಬೆಳ್ಳನೆ ಗೆರೆಗಳು ಬೀಳುತ್ತವೆ. ಜಪಾನಿ ಸಂಗ್ರಹಕಾರರು ಇದನ್ನು ‘ಹಿಗೆ’ ಅನ್ನುತ್ತಾರೆ, ಮೀಸೆ ಅಂತ. ಮೀಸೆ ದಟ್ಟವಾಗಿದ್ದರೆ ಆ ಪ್ಲೇಟು ನೂರಾರು ಸಲ ತಿರುಗಿದೆ. ಮೇಲ್ಮೈ ಒರೆಸಿ ಮಿನುಗಿಸಬಹುದು, ಮೀಸೆ ಅಳಿಸೋಕಾಗಲ್ಲ. ನಾನು ಮೊದಲು ನಂಬುವ ಗುರುತು ಇದೇ.

ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ತಂದು ಅಂಚು ನೋಡಿ. ಹಪ್ಪಳದ ಹಾಗೆ ಏಳುಬೀಳು ಇದ್ದರೆ ಬೇಡ. ಭಾರ ಹೇರಿದರೆ ಸರಿಹೋಗುತ್ತೆ, ಎರಡು ಗಾಜಿನ ನಡುವೆ ಇಟ್ಟು ಬಿಸಿಲಿಗಿಡಿ ಅನ್ನುವ ಸಲಹೆಗಳಿವೆ. ಅದರಲ್ಲಿ ಕೆಟ್ಟ ಪ್ಲೇಟುಗಳನ್ನು ನೋಡಿದ್ದೇನೆ, ಬೇಡವೇ ಬೇಡ.

ಇನ್ನೆರಡು ಇವೆ. ಜಪಾನಿನಲ್ಲಿ ಜೂನ್ ಜುಲೈನಲ್ಲಿ ಜಡಿಮಳೆ, ಸೆಕೆ. ಗಾಳಿಯಾಡದ ಕಪಾಟಿನಲ್ಲಿ ದಶಕಗಟ್ಟಲೆ ಇದ್ದ ಪ್ಲೇಟಿಗೆ ಬಿಳಿ ಚುಕ್ಕೆಗಳಂತೆ ಬೂಷ್ಟು ಹಿಡಿದಿರುತ್ತದೆ. ಬೂಷ್ಟು ಹೊಸದಾದರೆ ತೊಳೆದರೆ ಹೋಗುತ್ತದೆ, ಗ್ರೂವ್ ತಿಂದಿದ್ದರೆ ಸದ್ದು ಉಳಿಯುತ್ತದೆ. ಎರಡನೆಯದು ಹೊಗೆ ಹಿಡಿದಂಥ ಮಸುಕು. ಮೆತ್ತನೆಯ ವಿನೈಲ್ ಹೊದಿಕೆಯಲ್ಲಿ ಬಹಳ ಕಾಲ ಇಟ್ಟರೆ ಅದು ಪ್ಲೇಟಿನ ಜೊತೆ ಬೆರೆತು ಆಗುವ ಕಲೆ ಇದು. ತೊಳೆದರೂ ಹೋಗಲ್ಲ, ಉದ್ದಕ್ಕೂ ಬುಸ್ ಅನ್ನುತ್ತಿರುತ್ತದೆ. ಇದನ್ನು ಧೂಳು ಅಂದುಕೊಂಡು ಕೊಳ್ಳುವವರು ಬಹಳ.

ಅಂಗಡಿಯಲ್ಲಿ ಕೇಳಿಸುವ ವ್ಯವಸ್ಥೆ ಇದ್ದರೆ ಮೊದಲ ಹಾಡು ಹಾಕಿಸಬೇಡಿ, ಬದಿಯ ಕೊನೆಯ ಹಾಡು ಹಾಕಿಸಿ. ಸೂಜಿ ಒಳಕ್ಕೆ ಹೋದಷ್ಟೂ ಗ್ರೂವ್ ಇಕ್ಕಟ್ಟು, ಸವೆತ ಮೊದಲು ಗೊತ್ತಾಗುವುದು ಅಲ್ಲೇ. ‘ಫಾರ್ ಯೂ’ ಎರಡನೇ ಬದಿಯ ಕೊನೆಗೆ ‘ಯುವರ್ ಐಸ್’ ಇದೆ, ನಿಧಾನದ ಹಾಡು. ಅದರಲ್ಲಿ ‘ಸ’ ಅಕ್ಷರ ಪರಚಿದಂತೆ ಕೇಳಿದರೆ ಪ್ಲೇಟು ಸವೆದಿದೆ. ಅದೇ ಆಲ್ಬಮ್ಮಿನ ಮೊದಲ ಹಾಡು ‘ಸ್ಪಾರ್ಕಲ್’ ಆ ಪ್ಲೇಟಿನಲ್ಲೂ ಚೆನ್ನಾಗೇ ಕೇಳುತ್ತದೆ, ಅದರಿಂದ ಏನೂ ತಿಳಿಯಲ್ಲ.

ನಾಲ್ಕನೆಯದು: ಮನೆಯಿಂದಲೇ ತರಿಸುವುದು

ಹಳೆಯ ಸಾಮಾನು ಮಾರುವ ಜಪಾನಿ ತಾಣಗಳಾದ ಮರ್ಕಾರಿ, ಯಾಹೂ ಹರಾಜಿನಲ್ಲಿ ಮಾರುವವರ ಸರಕನ್ನು ಬೈಯೀ, ಜೆನ್‌ಮಾರ್ಕೆಟ್‌ನಂಥ ಮಧ್ಯವರ್ತಿಗಳ ಮೂಲಕ ತರಿಸಬಹುದು. ಅವರು ಪ್ಲೇಟು ನುಡಿಸಿ ನೋಡಲ್ಲ ಅನ್ನುವುದು ನೆನಪಿರಲಿ. ಆದ್ದರಿಂದ ವಿವರಣೆಯನ್ನು ಫೋನಿನ ಅನುವಾದದಲ್ಲಿ ಪೂರ್ತಿ ಓದಿ. ‘ನುಡಿಸಿ ಖಚಿತಪಡಿಸಿಲ್ಲ’ ಅಂತ ಬಂದರೆ ಸೂಜಿ ಹಾರುತ್ತದೆ ಅಂತಲೇ ಅಂದುಕೊಳ್ಳಿ. ‘ಜಂಕ್’ ಅಂದರೆ ಗ್ಯಾರಂಟಿ ಇಲ್ಲ, ವಾಪಸೂ ಇಲ್ಲ. ಫೋಟೋಗಳಲ್ಲಿ ಕವರ್ ನಾಲ್ಕು ಕಡೆಯಿಂದ ಇದ್ದು ಪ್ಲೇಟು ಒಂದರಲ್ಲೂ ಇಲ್ಲದಿದ್ದರೆ ಬಿಟ್ಟುಬಿಡಿ.

ಒಂದೊಂದೇ ತರಿಸಿದರೆ ಸಾಗಣೆ ಖರ್ಚೇ ಎಲ್‌ಪಿಗಿಂತ ಜಾಸ್ತಿಯಾಗುತ್ತದೆ, ನಾಲ್ಕೈದು ಸೇರಿಸಿ ತರಿಸಿ. ಇಲ್ಲಿ ಕಸ್ಟಮ್ಸ್ ಸುಂಕವೂ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪ್ಲೇಟನ್ನು ಕವರಿನಿಂದ ಹೊರಗೆ ತೆಗೆದು ಪಕ್ಕದಲ್ಲಿ ಇಟ್ಟು ಪ್ಯಾಕ್ ಮಾಡಿ ಅಂತ ಬರೆಯಿರಿ. ಇಲ್ಲದಿದ್ದರೆ ದಾರಿಯಲ್ಲಿ ಪ್ಲೇಟಿನ ಅಂಚು ಕವರಿನ ಹೊಲಿಗೆಯನ್ನು ಸೀಳಿಬಿಡುತ್ತದೆ.

ಐದನೆಯದು: ಟರ್ನ್‌ಟೇಬಲ್, ತೊಳೆಯುವುದು, ಇಡುವುದು

ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರ್ ಕೊಳ್ಳಬೇಡಿ. ಸೂಜಿಯ ಭಾರ ಜಾಸ್ತಿ, ಸರಿಪಡಿಸೋಕೆ ದಾರಿಯಿಲ್ಲ, ಇಷ್ಟು ಹುಡುಕಿ ತಂದ ಪ್ಲೇಟನ್ನು ಅದೇ ಸವೆಸುತ್ತದೆ. ಆಡಿಯೋ ಟೆಕ್ನಿಕಾದ ಎಲ್‌ಪಿ60ಎಕ್ಸ್ ಟರ್ನ್‌ಟೇಬಲ್ ಸಾಕು, ಸೂಜಿಯ ಸಣ್ಣ ಸಂಕೇತವನ್ನು ಹೆಚ್ಚಿಸುವ ಪ್ರಿ-ಆಂಪ್ ಒಳಗೇ ಇದೆ. ಟೋಕಿಯೊದಲ್ಲಿ ಹಳೆಯ ಟರ್ನ್‌ಟೇಬಲ್ ಅಗ್ಗಕ್ಕೆ ಸಿಕ್ಕಿತು ಅಂತ ಹೊತ್ತು ತರಬೇಡಿ. ಜಪಾನಿನ ಕರೆಂಟ್ 100 ವೋಲ್ಟ್, ನಮ್ಮದು 230. ನೇರ ಪ್ಲಗ್‌ಗೆ ಹಾಕಿದರೆ ಸುಟ್ಟುಹೋಗುತ್ತದೆ.

ತೊಳೆಯೋಕೆ ಡಿಸ್ಟಿಲ್ಡ್ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ. ಲೇಬಲ್ ನೆನೆಯಬಾರದು. ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಬಿಳಿ ಕಲೆ ಗ್ರೂವ್‌ನಲ್ಲೇ ಕೂರುತ್ತದೆ. ಒಳಹೊದಿಕೆಗೆ ನಾಗಾವೊಕಾ ಕಂಪನಿಯ 102, ಬೇರೆ ಯೋಚನೆ ಬೇಡ. ಹರಿದ ಓಬಿಗೆ ಸೆಲೋಟೇಪ್ ಅಂಟಿಸಬೇಡಿ, ಹಳದಿಯಾಗಿ ಕಾಗದವನ್ನೂ ತಿನ್ನುತ್ತದೆ.

ಎಲ್‌ಪಿಗಳನ್ನು ನೇರವಾಗಿ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಬೇಸಿಗೆಯಲ್ಲಿ ಕೊಂಡ ಎಲ್‌ಪಿಯನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ, ಕೈಯಲ್ಲೇ ಒಳಗೆ ತೆಗೆದುಕೊಂಡು ಹೋಗಿ.