ಮೊಸರು ಪುಡಿ: ಕೊಳ್ಳುವಾಗ ನೋಡುವುದೇನು, ಬೆರೆಸುವಾಗ ಕೆಡುವುದೆಲ್ಲಿ

ಯೋಗರ್ಟ್ ಪೌಡರ್ ಬೇಕೆಂದು ಕೊಟೇಶನ್ ಕೇಳಿದರೆ ಒಂದೇ ಹೆಸರಿನಲ್ಲಿ ಮೂರು ತರಹದ ಸರಕು ಬರುತ್ತದೆ. ಕೆನೆ ತೆಗೆದ ಹಾಲಿಗೆ ಹೆಪ್ಪು ಹಾಕಿ, ಮೊಸರಾದ ಮೇಲೆ, ಬಿಸಿಗಾಳಿಗೆ ತುಂತುರಾಗಿ ಸಿಂಪಡಿಸುವ ಸ್ಪ್ರೇ ಡ್ರೈಯರ್‌ನಲ್ಲಿ ಒಣಗಿಸಿದ್ದು ಒಂದು. ವ್ಹೇ (ಹಾಲು ಒಡೆದಾಗ ಉಳಿಯುವ ತಿಳಿನೀರು) ಪುಡಿಗೋ ಹಾಲಿನ ಪುಡಿಗೋ ಲ್ಯಾಕ್ಟಿಕ್ ಅಥವಾ ಸಿಟ್ರಿಕ್ ಆಮ್ಲ, ಮಾಲ್ಟೊಡೆಕ್ಸ್ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ), ಒಂದಿಷ್ಟು ಫ್ಲೇವರ್ ಸೇರಿಸಿ ಬೆರೆಸಿದ್ದು ಇನ್ನೊಂದು. ಜೀವಂತ ಬ್ಯಾಕ್ಟೀರಿಯಾ ಉಳಿಯಲೆಂದು ಫ್ರೀಜ್ ಡ್ರೈ (ಮಂಜುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವುದು) ಮಾಡಿದ್ದು ಮೂರನೆಯದು. ಇದರ ಬೆಲೆಯೇ ಬೇರೆ ಲೋಕದ್ದು. ಇವುಗಳಲ್ಲಿ ಯಾವುದೂ ಮೋಸದ ಮಾಲಲ್ಲ. ಎರಡನೆಯದನ್ನು ಮೊದಲನೆಯದರ ಬೆಲೆಗೆ ಕೊಂಡರೆ ಮಾತ್ರ ಕಷ್ಟ. ಮಸಾಲೆ ಸೀಸನಿಂಗ್ ಮತ್ತು ಇನ್‌ಸ್ಟಂಟ್ ಮಿಕ್ಸ್ ಮಾಡುವ ಸಣ್ಣ ಘಟಕದಲ್ಲಿ ನಾವು ಈ ಪುಡಿಯನ್ನು ಹೇಗೆ ಪರೀಕ್ಷಿಸುತ್ತೇವೆ, ಎಲ್ಲಿ ಬಳಸುತ್ತೇವೆ ಎಂಬುದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಸಿಒಎ (ಮಾರಾಟಗಾರ ಕೊಡುವ ಪರೀಕ್ಷಾ ವರದಿಯ ಹಾಳೆ) ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಪ್ರೋಟೀನ್. ಕೆನೆ ತೆಗೆದ ಹಾಲಿನಿಂದ ಮಾಡಿದ ನಿಜವಾದ ಮೊಸರು ಪುಡಿಯಲ್ಲಿ ಅದು ಶೇ. 33ರಿಂದ 36ರವರೆಗೆ ಇರುತ್ತದೆ. ಸಿಹಿ ವ್ಹೇ ಪುಡಿಯಲ್ಲಿ 11ರಿಂದ 13 ಅಷ್ಟೇ. ಹಾಳೆಯಲ್ಲಿ 24 ಎಂದಿದ್ದರೆ ಹೆಚ್ಚುಕಡಿಮೆ ಅರ್ಧ ವ್ಹೇ, ಅಥವಾ ಮೂರನೇ ಒಂದು ಪಾಲು ಮಾಲ್ಟೊಡೆಕ್ಸ್ಟ್ರಿನ್ ಸೇರಿದೆ ಎಂದು ಲೆಕ್ಕ. ಆಮೇಲೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಹಾಲಿನ ಪುಡಿಯಲ್ಲಿ ಅದು ಶೇ. 50ರ ಆಸುಪಾಸು. ಹೆಪ್ಪು ಅದರಲ್ಲಿ ಒಂದು ಪಾಲನ್ನು ಲ್ಯಾಕ್ಟಿಕ್ ಆಮ್ಲ ಮಾಡಿರುವುದರಿಂದ ಮೊಸರು ಪುಡಿಯಲ್ಲಿ 40ರಿಂದ 45ಕ್ಕೆ ಇಳಿದಿರಬೇಕು. ಲ್ಯಾಕ್ಟೋಸ್ 60 ದಾಟಿದ್ದರೆ ಅದು ಬಹುಪಾಲು ವ್ಹೇ, ಮುಂದೆ ಓದುವ ಅಗತ್ಯವಿಲ್ಲ.

ಹುಳಿಯನ್ನು ನಾವೇ ಅಳೆಯುತ್ತೇವೆ. 10 ಗ್ರಾಂ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕದಡಿ ಒಟ್ಟು 100 ಮಿಲಿ ಮಾಡಬೇಕು. ಅದರಲ್ಲಿ 10 ಮಿಲಿ ತೆಗೆದುಕೊಂಡು, ಫಿನಾಲ್ಫ್ತಲೀನ್ ಎರಡು ಹನಿ ಹಾಕಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ತಿಳಿಗುಲಾಬಿ ಬಣ್ಣ ನಿಲ್ಲುವವರೆಗೆ ಟೈಟ್ರೇಟ್ ಮಾಡಬೇಕು. ತೆಗೆದುಕೊಂಡ 10 ಮಿಲಿಯಲ್ಲಿ 1 ಗ್ರಾಂ ಪುಡಿ ಇರುವುದರಿಂದ ಪ್ರತಿ ಮಿಲಿ ಕ್ಷಾರಕ್ಕೆ ಶೇ. 0.9 ಲ್ಯಾಕ್ಟಿಕ್ ಆಮ್ಲ. 8 ಮಿಲಿ ಹಿಡಿದರೆ ಶೇ. 7.2. ಇಲ್ಲೊಂದು ಮಾತು ನೆನಪಿರಲಿ: ಹುಳಿಯೇ ಇಲ್ಲದ ಒಳ್ಳೆಯ ಹಾಲಿನ ಪುಡಿಯೂ ಈ ಪರೀಕ್ಷೆಯಲ್ಲಿ ಶೇ. 1.3ರಷ್ಟು ತೋರಿಸುತ್ತದೆ, ಏಕೆಂದರೆ ಪ್ರೋಟೀನು ಮತ್ತು ಫಾಸ್ಫೇಟ್ ಕೂಡ ಕ್ಷಾರ ಕುಡಿಯುತ್ತವೆ. ಆದ್ದರಿಂದ 7ರ ಪುಡಿಗೂ 4ರ ಪುಡಿಗೂ ನಾಲಿಗೆಯ ಮೇಲಿನ ಅಂತರ ಅಂಕಿಯಲ್ಲಿ ಕಾಣುವುದಕ್ಕಿಂತ ಹೆಚ್ಚು.

ಆಮ್ಲ ಹೆಪ್ಪಿನಿಂದ ಬಂತೋ ಡಬ್ಬಿಯಿಂದ ಬಂತೋ ಎಂಬುದನ್ನು ಟೈಟ್ರೇಶನ್ ಹೇಳುವುದಿಲ್ಲ. ಅದಕ್ಕೆ ಸುಲಭವಾದ ಎರಡು ಉಪಾಯಗಳಿವೆ. ಕಪ್ಪು ಕಾಗದದ ಮೇಲೆ ಪುಡಿಯನ್ನು ತೆಳ್ಳಗೆ ಹರಡಿ ಹತ್ತು ಪಟ್ಟಿನ ಮಸೂರದಲ್ಲಿ ನೋಡಿದರೆ, ಒಣದಾಗಿ ಬೆರೆಸಿದ ಸಿಟ್ರಿಕ್ ಆಮ್ಲದ ಹರಳು ಮಿನುಗುತ್ತದೆ. ಇನ್ನೊಂದು, 10 ಗ್ರಾಂ ಪುಡಿಯನ್ನು 40 ಡಿಗ್ರಿಯ 90 ಮಿಲಿ ನೀರಲ್ಲಿ ಕಲಕಿ ಅರ್ಧ ಗಂಟೆ ಗಾಜಿನ ಸಿಲಿಂಡರ್‌ನಲ್ಲಿ ಬಿಡುವುದು. ನಿಜವಾದ ಮೊಸರು ಪುಡಿ ನುಣ್ಣನೆಯ ಬಿಳಿ ಗಸಿಯಾಗಿ ಕೂರುತ್ತದೆ. ಹಾಲಿನ ಪುಡಿಗೆ ಆಮ್ಲ ಬೆರೆಸಿದ್ದು ನೀರು ತಾಗಿದ ಕೂಡಲೇ ಒಡೆದು ಹರಳು ಹರಳಾಗುತ್ತದೆ. ವ್ಹೇ ಹೆಚ್ಚಿದ್ದರೆ ಗಸಿ ಅತ್ಯಲ್ಪ, ಮೇಲೆ ಹಸಿರು ಮಿಶ್ರಿತ ಹಳದಿ ತಿಳಿ. ಅನುಮಾನ ಉಳಿದರೆ ಹೊರಗಿನ ಲ್ಯಾಬ್‌ಗೆ ಕಳಿಸಿ ಸಿಟ್ರೇಟ್ ನೋಡಿಸಬಹುದು. ಹಾಲಿನ ಒಣ ಅಂಶದಲ್ಲಿ ಸಹಜವಾಗಿಯೇ ಶೇ. 1.8ರ ಸುಮಾರು ಸಿಟ್ರೇಟ್ ಇರುತ್ತದೆ. ಅದಕ್ಕಿಂತ ತೀರಾ ಹೆಚ್ಚು ಬಂದರೆ ಸೇರಿಸಿದ್ದು.

ಹಾಲಿನ ಪುಡಿಗಿಂತ ಇದಕ್ಕೆ ಏಕೆ ಇಷ್ಟು ಬೆಲೆ ಎಂದು ಕೊಳ್ಳುವವರು ಕೇಳುತ್ತಾರೆ. ಹಾಲು ಎಷ್ಟು ಬೇಕೆಂಬುದರಲ್ಲಿ ವ್ಯತ್ಯಾಸವೇ ಇಲ್ಲ, ಎರಡಕ್ಕೂ 100 ಲೀಟರ್ ಕೆನೆ ತೆಗೆದ ಹಾಲಿನಿಂದ 9 ಕಿಲೋ ಮೇಲೆ ಸ್ವಲ್ಪ. ವ್ಯತ್ಯಾಸ ಇರುವುದು ನೀರು ತೆಗೆಯುವಲ್ಲಿ. ಹಾಲನ್ನು ನೀರು ಆವಿ ಮಾಡುವ ಇವಾಪೊರೇಟರ್‌ನಲ್ಲಿ ಶೇ. 48 ಘನಾಂಶದವರೆಗೆ ಗಟ್ಟಿ ಮಾಡಿ ಡ್ರೈಯರ್‌ಗೆ ಬಿಡಬಹುದು; ಆಗ ಒಂದು ಕಿಲೋ ಪುಡಿಗೆ ಡ್ರೈಯರ್ ತೆಗೆಯಬೇಕಾದ ನೀರು ಒಂದೇ ಕಿಲೋ. ಮೊಸರಿನಲ್ಲಿ ಪಿಎಚ್ 4.6ಕ್ಕೆ ಕೇಸೀನ್ (ಹಾಲಿನ ಮುಖ್ಯ ಪ್ರೋಟೀನ್) ಹೆಪ್ಪುಗಟ್ಟಿರುತ್ತದೆ, ಅಷ್ಟು ಗಟ್ಟಿ ಮಾಡಿದರೆ ಪಂಪೇ ಎಳೆಯುವುದಿಲ್ಲ. ಶೇ. 25ರ ಸುಮಾರಿಗೆ ನಿಲ್ಲಿಸಬೇಕು. ಆಗ ಪ್ರತಿ ಕಿಲೋಗೆ ಡ್ರೈಯರ್‌ನಲ್ಲೇ 2.8 ಕಿಲೋ ನೀರು ಹಾರಿಸಬೇಕು. ಇವಾಪೊರೇಟರ್‌ನಲ್ಲಿ ತೆಗೆದ ನೀರಿಗಿಂತ ಡ್ರೈಯರ್‌ನಲ್ಲಿ ತೆಗೆದ ನೀರು ಹಲವು ಪಟ್ಟು ದುಬಾರಿ. ಜೊತೆಗೆ ಹುದುಗುವ ನಾಲ್ಕೈದು ಗಂಟೆ ಟ್ಯಾಂಕ್ ಸಿಕ್ಕಿಬೀಳುತ್ತದೆ.

ಗುತ್ತಿಗೆಯಲ್ಲಿ ಒಣಗಿಸಿಕೊಡುವವರಿಗೆ ನಾವು ಕೊಡುವ ಹಾಳೆ ಸಾಧಾರಣವಾಗಿ ಹೀಗಿರುತ್ತದೆ: ಹಾಲು 90 ಡಿಗ್ರಿಗೆ 5 ನಿಮಿಷ, 43 ಡಿಗ್ರಿಗೆ ಇಳಿಸಿ ಬಲ್ಗಾರಿಕಸ್ ಮತ್ತು ಥರ್ಮೊಫಿಲಸ್ ಹೆಪ್ಪು, ಪಿಎಚ್ 4.6 ಮುಟ್ಟಿದ ತಕ್ಷಣ ತಂಪು ಮಾಡಿ ಕಲಕುವುದು, ಕಡಿಮೆ ಒತ್ತಡದಲ್ಲಿ ಹೊಮೊಜಿನೈಸರ್, ಒಳಗಾಳಿ 170 ಡಿಗ್ರಿ, ಹೊರಗಾಳಿ 75ರಿಂದ 80. ಹೊರಗಾಳಿ ಇದಕ್ಕಿಂತ ಏರಿದರೆ ಪುಡಿ ಕಂದುತ್ತದೆ. ಇಳಿದರೆ ತೇವ ಶೇ. 5 ದಾಟಿ ಡ್ರೈಯರ್ ಕೋಣೆಯ ಗೋಡೆಗೆ ಅಂಟುತ್ತದೆ. ಅಂಟಿಗೆ ಮೂಲ ಲ್ಯಾಕ್ಟಿಕ್ ಆಮ್ಲವೇ. ಒಣ ಲ್ಯಾಕ್ಟೋಸ್ ಗಾಜಿನಂತೆ ಗಡುಸಾಗಿ ನಿಲ್ಲುವುದು 101 ಡಿಗ್ರಿಯವರೆಗೆ. ಆಮ್ಲ ಸೇರಿದಷ್ಟೂ ಆ ಮಿತಿ ಕೆಳಗಿಳಿಯುತ್ತದೆ. ಅದಕ್ಕೇ ಕೆಲವರು ಘನಾಂಶದ ಶೇ. 5ರಿಂದ 10ರಷ್ಟು ಮಾಲ್ಟೊಡೆಕ್ಸ್ಟ್ರಿನ್ ಸೇರಿಸುತ್ತಾರೆ. ಅದು ತಪ್ಪಲ್ಲ, ಆದರೆ ಹಾಳೆಯಲ್ಲಿ ಬರೆದಿರಬೇಕು. ಹೊರಬಂದ ಪುಡಿಯನ್ನು ಒಣಗಾಳಿಯಲ್ಲಿ 30 ಡಿಗ್ರಿಗಿಂತ ಕೆಳಗೆ ತಂದ ಮೇಲೆಯೇ ಚೀಲಕ್ಕೆ ತುಂಬಬೇಕು. ಬಿಸಿಯಾಗಿ ತುಂಬಿದ 25 ಕಿಲೋ ಚೀಲದ ನಡುಭಾಗ ವಾರದಲ್ಲಿ ಹೆಂಟೆಯಾಗುತ್ತದೆ.

ಡ್ರೈಯರ್‌ನಲ್ಲಿ ಹುಳಿ ಉಳಿಯುತ್ತದೆ, ವಾಸನೆ ಉಳಿಯುವುದಿಲ್ಲ. ಮೊಸರಿನ ಪರಿಮಳಕ್ಕೆ ಮುಖ್ಯವಾದ ಅಸಿಟಾಲ್ಡಿಹೈಡ್ ಕುದಿಯುವುದೇ 20 ಡಿಗ್ರಿಗೆ. ಅದು ಹೊರಗಾಳಿಯ ಜೊತೆ ಚಿಮಣಿ ಹತ್ತುತ್ತದೆ. ಹಾಗಾಗಿ ಅತ್ಯುತ್ತಮ ಪುಡಿಗೂ ಸ್ವಲ್ಪ ಮೊಸರಿನ ಫ್ಲೇವರ್ ಸೇರಿಸದೆ ವಿಧಿಯಿಲ್ಲ. ಯುರೋಪಿನ ಪುಡಿ ನಮ್ಮವರ ಬಾಯಿಗೆ ಇನ್ನೂ ಚಪ್ಪೆ, ಏಕೆಂದರೆ ಅಲ್ಲಿ ಸೌಮ್ಯವಾದ ಹೆಪ್ಪನ್ನೇ ಆರಿಸುತ್ತಾರೆ. ಬ್ಯಾಕ್ಟೀರಿಯಾ ವಿಷಯವೂ ಹೀಗೆಯೇ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಮೊಸರಿಗೆ ಗ್ರಾಂಗೆ ಕನಿಷ್ಠ ಒಂದು ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಸ್ಪ್ರೇ ಡ್ರೈ ಆದ ಪುಡಿ ಗೋದಾಮಿನಲ್ಲಿ ಕೆಲವು ತಿಂಗಳು ಕೂತ ಮೇಲೆ ಆ ಸಂಖ್ಯೆಯನ್ನು ನಂಬಿ ಪ್ಯಾಕ್ ಮೇಲೆ ಏನನ್ನೂ ಬರೆಯಬಾರದು. ಅಂಥ ಪುಡಿಯಿಂದ ಮನೆಯಲ್ಲಿ ಮೊಸರು ಹೆಪ್ಪುಹಾಕಬಹುದೇ ಎಂದು ಕೇಳುವವರಿಗೂ ಇದೇ ಉತ್ತರ: ನಂಬುವಂತಿಲ್ಲ. ಇನ್ನು, ಹುಳಿ ಇದ್ದರೆ ಕೆಟ್ಟ ಸೂಕ್ಷ್ಮಾಣು ಇರುವುದಿಲ್ಲ ಎಂಬ ನಂಬಿಕೆ ಒಣ ಪುಡಿಗೆ ಹೊಂದುವುದಿಲ್ಲ. ಒಣ ಸ್ಥಿತಿಯಲ್ಲಿ ಸಾಲ್ಮೊನೆಲ್ಲಾ ತಿಂಗಳುಗಟ್ಟಲೆ ಬದುಕುತ್ತದೆ. ಪ್ರತಿ ಲಾಟಿಗೂ 25 ಗ್ರಾಂನಲ್ಲಿ ಸಾಲ್ಮೊನೆಲ್ಲಾ ಇಲ್ಲ ಎಂಬ ವರದಿ ಇಲ್ಲದೆ ಚೀಲ ಬಿಚ್ಚುವುದಿಲ್ಲ.

ಬಳಕೆಯಲ್ಲಿ ಅತಿ ಸುಲಭದ್ದು ಚಿಪ್ಸ್ ಮೇಲಿನ ರಾಯತ ಮಸಾಲೆ. ನೂರು ಕಿಲೋಗೆ ನಮ್ಮ ಅಳತೆ: ಮಾಲ್ಟೊಡೆಕ್ಸ್ಟ್ರಿನ್ 24, ಉಪ್ಪು 20, ಸಕ್ಕರೆ ಪುಡಿ 15, ಮೊಸರು ಪುಡಿ 15, ಈರುಳ್ಳಿ ಪುಡಿ 12, ಜೀರಿಗೆ ಪುದೀನ ಕೊತ್ತಂಬರಿ ಹಸಿಮೆಣಸು ಸೇರಿ 9, ಸಿಟ್ರಿಕ್ ಆಮ್ಲ 1.5, ಫ್ಲೇವರ್ 1.3, ಗಂಟು ಕಟ್ಟದಂತೆ ತಡೆಯುವ ಸಿಲಿಕಾ 1.2, ಎಣ್ಣೆ 1. ಮೊದಲು ಉಪ್ಪಿಗೆ ಎಣ್ಣೆ ಹಿಡಿಸಿ, ಆಮೇಲೆ ಮಾಲ್ಟೊಡೆಕ್ಸ್ಟ್ರಿನ್ ಸಕ್ಕರೆ ಮಸಾಲೆಗಳು, ಕೊನೆಯ ಐದಾರು ನಿಮಿಷಕ್ಕೆ ಮೊಸರು ಪುಡಿ ಮತ್ತು ಉಳಿಸಿದ ಅರ್ಧ ಸಿಲಿಕಾ. ಮೊದಲೇ ಹಾಕಿದರೆ ರಿಬ್ಬನ್ ಬ್ಲೆಂಡರ್‌ನ ತಿಕ್ಕಾಟದ ಬಿಸಿಗೆ ಪುಡಿ ಮೆತ್ತಗಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಗಂಟು ಕಟ್ಟದಿರಲು ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಹಾಕುವ ಅಭ್ಯಾಸ ಕೆಲವರಿಗಿದೆ. ಅದು ಆಮ್ಲದ ಜೊತೆ ಸೇರಿ ಹುಳಿಯನ್ನೇ ನುಂಗುತ್ತದೆ, ಇಲ್ಲಿ ಸಿಲಿಕಾವೇ ಸರಿ. ಚಿಪ್ಸ್ ಮೇಲೆ ಈ ಮಸಾಲೆ ಶೇ. 7ರಷ್ಟು ಉದುರಿಸುತ್ತಾರೆ ಎಂದರೆ ತಿನ್ನುವವರ ಪಾಲಿಗೆ ಬರುವ ಮೊಸರು ಪುಡಿ ಶೇ. 1. ಪೊಟ್ಟಣದ ಮೇಲಿನ ಮೊಸರಿನ ಕುಡಿಕೆಯ ಚಿತ್ರ ನೋಡಿ ಹಿಗ್ಗಬೇಕಾಗಿಲ್ಲ.

ನಿಜವಾದ ತಲೆನೋವು ರವೆ ಇಡ್ಲಿ ಮಿಕ್ಸ್. ಹೆಚ್ಚಿನ ಕಂಪನಿಗಳು ಮೊಸರನ್ನು ಮನೆಯಲ್ಲೇ ಸೇರಿಸಿಕೊಳ್ಳಿ ಎಂದು ಬಿಡುತ್ತವೆ. ಅದಕ್ಕೆ ಕಾರಣವಿದೆ. ನೀರು ಮಾತ್ರ ಹಾಕಿದರೆ ಸಾಕು ಎಂಬ ಮಿಕ್ಸ್ ಬೇಕೆಂದರೆ ಆಮ್ಲವೂ ಸೋಡಾವೂ ಒಂದೇ ಪೌಚಿನಲ್ಲಿ ತಿಂಗಳುಗಟ್ಟಲೆ ಜಗಳವಾಡದೆ ಕೂರಬೇಕು. ಲೆಕ್ಕ ಹೀಗೆ. 1 ಗ್ರಾಂ ಅಡುಗೆ ಸೋಡಾಕ್ಕೆ 1.07 ಗ್ರಾಂ ಲ್ಯಾಕ್ಟಿಕ್ ಆಮ್ಲ ಬೇಕು. ನೂರು ಗ್ರಾಂ ಮಿಕ್ಸಿಗೆ 0.8 ಗ್ರಾಂ ಸೋಡಾ ಇದ್ದರೆ, ಶೇ. 7ರ ಹುಳಿಯ ಪುಡಿ 12 ಗ್ರಾಂ ಹಾಕಬೇಕಾಗುತ್ತದೆ. ಅಷ್ಟು ಹಾಕಿದರೆ ಬೆಲೆ ಮೀರುತ್ತದೆ, ಇಡ್ಲಿಯೂ ಹಾಲಿನ ಪ್ರೋಟೀನಿನಿಂದ ರಬ್ಬರಿನಂತೆ ಎಳೆಯುತ್ತದೆ. ಹಾಗಾಗಿ 5 ಗ್ರಾಂ ಪುಡಿ, ಅದು 0.33 ಗ್ರಾಂ ಸೋಡಾವನ್ನು ನೋಡಿಕೊಳ್ಳುತ್ತದೆ. ಉಳಿದ 0.47 ಗ್ರಾಂಗೆ ನಿರ್ಜಲ ಸಿಟ್ರಿಕ್ ಆಮ್ಲ 0.36 ಗ್ರಾಂ. ಇಷ್ಟರಿಂದ ಸೋಡಾ ಆಮ್ಲ ಸರಿಸಮ ಆಗುತ್ತದೆ, ಅಂದರೆ ಹುಳಿ ಪೂರ್ತಿ ಮಾಯ. ಮೊಸರು ಹಾಕಿದ್ದೀರಂತೆ, ರುಚಿಯೇ ಇಲ್ಲ ಎಂಬ ದೂರು ಬರುವುದು ಇಲ್ಲಿಂದಲೇ. ನಾಲಿಗೆಗೆ ಹುಳಿ ತಗಲಬೇಕಾದರೆ ಇನ್ನು 0.15 ಗ್ರಾಂ ಸಿಟ್ರಿಕ್ ಹೆಚ್ಚಿಗೆ ಬೇಕು.

ಎಷ್ಟೇ ಸರಿಯಾಗಿ ತೂಗಿದರೂ ಕೆಲಸ ಕೆಡಿಸುವುದು ರವೆ. ಗಿರಣಿಯಿಂದ ಬರುವ ರವೆಯಲ್ಲಿ ಶೇ. 12ರಿಂದ 13 ತೇವ ಇರುತ್ತದೆ. ಪೌಚಿನೊಳಗೆ ಆ ನೀರು ನಿಧಾನವಾಗಿ ಮೊಸರು ಪುಡಿಗೆ ಸರಿಯುತ್ತದೆ, ಆಮ್ಲ ಕರಗುತ್ತದೆ, ಸೋಡಾ ಅಲ್ಲೇ ಅನಿಲ ಬಿಡುತ್ತದೆ. 1 ಗ್ರಾಂ ಸೋಡಾದಿಂದ ಸುಮಾರು 290 ಮಿಲಿ ಅನಿಲ ಬರುವುದರಿಂದ 200 ಗ್ರಾಂ ಪೌಚ್ ದಿಂಬಿನಂತೆ ಉಬ್ಬಲು ತಡವಾಗುವುದಿಲ್ಲ, ಮತ್ತು ಪೌಚ್ ಉಬ್ಬಿದಷ್ಟೂ ಇಡ್ಲಿ ಉಬ್ಬದೆ ಕೂರುತ್ತದೆ. ರವೆಯನ್ನು ತೇವ ಶೇ. 6ಕ್ಕಿಂತ ಕೆಳಗೆ ಬರುವವರೆಗೆ ಹುರಿದು, ಪೂರ್ತಿ ಆರಿಸಿ, ಒಗ್ಗರಣೆಯ ಎಣ್ಣೆ ಹಿಡಿಸಿದ ಮೇಲೆ ಉಳಿದದ್ದನ್ನು ಸೇರಿಸಬೇಕು. ಬಣ್ಣ ನೋಡಿ ಹುರಿಯುವುದು ಸಾಲದು, ತೇವಮಾಪಕ ಬೇಕೇ ಬೇಕು. ಒಗ್ಗರಣೆಯ ಕರಿಬೇವು, ಕಡಲೆಬೇಳೆ ಅರೆಒಣಗಿದ್ದರೂ ಇದೇ ಕಥೆ. ಸಿಟ್ರಿಕ್ ಆಮ್ಲವನ್ನು ಗಟ್ಟಿ ಸಸ್ಯಕೊಬ್ಬಿನ ಲೇಪನ ಇರುವುದು ಕೊಂಡರೆ ಅರ್ಧ ಚಿಂತೆ ಕಡಿಮೆ. ಆ ಕೊಬ್ಬು ಕರಗುವುದು ಇಡ್ಲಿ ಪಾತ್ರೆಯ ಹಬೆಯಲ್ಲಿ. ಪೌಚ್ ಮಾತ್ರ ಅಲ್ಯೂಮಿನಿಯಂ ಫಾಯಿಲ್ ಇರುವ ಲ್ಯಾಮಿನೇಟ್ ಆಗಿರಲಿ.

ಮಸಾಲೆ ಮಜ್ಜಿಗೆ ಮಿಕ್ಸ್ ಬಗ್ಗೆ ಚಿಕ್ಕದಾಗಿ: ಒಮ್ಮೆ ಹೆಪ್ಪುಗಟ್ಟಿ ಒಣಗಿದ ಕೇಸೀನ್ ಮತ್ತೆ ನೀರಲ್ಲಿ ಕರಗುವುದಿಲ್ಲ, ತೇಲುತ್ತದೆ, ಆಮೇಲೆ ಕೂರುತ್ತದೆ. 200 ಮಿಲಿಗೆ 9 ಗ್ರಾಂ ಮೊಸರು ಪುಡಿ, 1.2 ಗ್ರಾಂ ಉಪ್ಪು, ಕೇಸೀನ್ ತಳಕ್ಕೆ ಕೂರದಂತೆ ಹಿಡಿಯುವ ಹೈ ಮೆಥಾಕ್ಸಿಲ್ ಪೆಕ್ಟಿನ್ 0.6 ಗ್ರಾಂ, ಇಂಗು ಶುಂಠಿ ಕರಿಬೇವು. ಪೆಕ್ಟಿನ್ ಅನ್ನು ಉಪ್ಪು, ಮಸಾಲೆಯ ಜೊತೆ ಮೊದಲೇ ಬೆರೆಸದಿದ್ದರೆ ತಣ್ಣೀರಲ್ಲಿ ಕಣ್ಣುಕಣ್ಣಾಗಿ ಗಂಟಾಗುತ್ತದೆ. ಕಡೆದ ಮಜ್ಜಿಗೆಯ ಸವಿ ಬರುವುದಿಲ್ಲ, ಬರುತ್ತದೆ ಎಂದು ಮಾರಲೂಬಾರದು.

ಮಳೆಗಾಲದಲ್ಲಿ ಎಲ್ಲಕ್ಕೂ ಒಂದೇ ಕಟ್ಟಳೆ. ಲ್ಯಾಕ್ಟೋಸ್ 25 ಡಿಗ್ರಿಯಲ್ಲಿ ಸುಮಾರು ಶೇ. 37 ಆರ್ದ್ರತೆಯ ಗಾಳಿಗೆ ಸಮವಾದರೆ ಮೆತ್ತಗಾಗಿ ಹರಳುಗಟ್ಟಲು ತೊಡಗುತ್ತದೆ. ಮೊಸರು ಪುಡಿಗೆ ಇದಕ್ಕಿಂತ ಕಡಿಮೆ ಸಾಕು. ಜುಲೈನ ಮಂಗಳೂರಿನ ಗಾಳಿಯಲ್ಲಿ ಬಿಚ್ಚಿಟ್ಟ ಚೀಲ ಒಂದು ಶಿಫ್ಟ್ ತಡೆಯುವುದಿಲ್ಲ. ಕೋಣೆಗೆ ಡಿಹ್ಯುಮಿಡಿಫೈಯರ್, ಆರ್ದ್ರತೆ 40ರ ಕೆಳಗೆ, ಬಿಚ್ಚಿದ ಚೀಲ ಅದೇ ಶಿಫ್ಟಿನಲ್ಲಿ ಖಾಲಿ. ಹೆಂಟೆಯಾದದ್ದನ್ನು ಕುಟ್ಟಿ ಜರಡಿ ಹಿಡಿದು ಮತ್ತೆ ಬಳಸುವುದು ಬೇಡ, ನೀರು ಒಳಹೊಕ್ಕಾಗಿದೆ, ಕಂದುವುದು ಶುರುವಾಗಿರುತ್ತದೆ.

ದ್ರಾಕ್ಷಿ, ಗೋಡಂಬಿಗೆ ಹಾಕುವ ಬಿಳಿ ಯೋಗರ್ಟ್ ಲೇಪನವೇ ಜಗತ್ತಿನಲ್ಲಿ ಈ ಪುಡಿಯ ದೊಡ್ಡ ಬಳಕೆಗಳಲ್ಲಿ ಒಂದು. ಅದು ನೂರಕ್ಕೆ ಸಕ್ಕರೆ 48, ಪಾಮ್ ಕರ್ನಲ್ ಕೊಬ್ಬು 30, ಹಾಲಿನ ಅಥವಾ ವ್ಹೇ ಪುಡಿ 11, ಮೊಸರು ಪುಡಿ 10, ಉಳಿದದ್ದು ಲೆಸಿಥಿನ್ ಮತ್ತು ಚಿಟಿಕೆ ಆಮ್ಲ. ಬಾಲ್ ಮಿಲ್‌ನಲ್ಲಿ 50 ಡಿಗ್ರಿ ಮೀರದಂತೆ 25 ಮೈಕ್ರಾನ್‌ವರೆಗೆ ಅರೆಯಬೇಕು. ಬಿಸಿ ಏರಿದರೆ ಪುಡಿ ಅಂಟಿ ಮರಳು ಮರಳಾಗುತ್ತದೆ. ವಿಜಯಪುರದ ಒಣದ್ರಾಕ್ಷಿಗೆ ಲೇಪಿಸುವವರು ಗಮನಿಸಬೇಕಾದದ್ದು ದ್ರಾಕ್ಷಿಯ ತೇವ: ಅದು ಲೇಪನಕ್ಕೆ ಇಳಿದು ಬೂಷ್ಟು ಕಟ್ಟಿದರೆ ಲೇಪನದಲ್ಲಿರುವ ಲಾರಿಕ್ ಕೊಬ್ಬು (ಪಾಮ್ ಕರ್ನಲ್) ಒಡೆದು ಸೋಪಿನ ರುಚಿ ಬರುತ್ತದೆ. ಮೊದಲು ಗೋಂದಿನ ತೆಳು ಪದರ ಕೊಟ್ಟು ಒಣಗಿಸುವುದು ಅದಕ್ಕೇ.

ಜಾಗತಿಕ ಮಾರುಕಟ್ಟೆ ಇಷ್ಟು ಡಾಲರ್ ಎಂದು ಹೇಳುವ ವರದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆಗುವುದೂ ಕಷ್ಟ. ಕಸ್ಟಮ್ಸ್‌ನ ಹಾರ್ಮೊನೈಸ್ಡ್ ಪಟ್ಟಿಯಲ್ಲಿ ಮೊಸರು 2022ರಿಂದ 0403.20, ಅದಕ್ಕೆ ಮೊದಲು 0403.10, ಹಸಿ ಮೊಸರೂ ಪುಡಿಯೂ ಅದೇ ಸಾಲಿನಲ್ಲಿ. ಮಾಲ್ಟೊಡೆಕ್ಸ್ಟ್ರಿನ್ ಹೆಚ್ಚಿದ ಮಿಶ್ರಣಗಳು 19 ಅಥವಾ 21ನೇ ಅಧ್ಯಾಯಕ್ಕೆ ಹೋಗುತ್ತವೆ. ಆ ಅಂಕಿಗಳಿಗಿಂತ ನಮಗೆ ಉಪಯೋಗಕ್ಕೆ ಬರುವುದು ತಿಂಗಳಿಗೆ ಎರಡು ಸಲ ನಡೆಯುವ ಗ್ಲೋಬಲ್ ಡೈರಿ ಟ್ರೇಡ್ ಎಂಬ ಅಂತರರಾಷ್ಟ್ರೀಯ ಹರಾಜಿನಲ್ಲಿ ಕೆನೆ ತೆಗೆದ ಹಾಲಿನ ಪುಡಿಯ ಬೆಲೆ. ಮೊಸರು ಪುಡಿಯ ದರವನ್ನು ಅದರ ಮೇಲೆ ಇಷ್ಟು ಪ್ರೀಮಿಯಂ ಎಂದು ಬರೆಸಿಕೊಂಡರೆ ಮಾತುಕತೆ ಸಲೀಸು. ಹಾಲಿನ ಪುಡಿ ಕುಸಿದಾಗಲೂ ಹಳೆಯ ದರವನ್ನೇ ಹಿಡಿದು ಕೂರುವ ಮಾರಾಟಗಾರರ ಜೊತೆ ವಾದಕ್ಕೆ ಆಧಾರ ಸಿಗುತ್ತದೆ.

ಆಮದು ಮಾಡಿಕೊಳ್ಳುವುದಾದರೆ ಸರಕು ಹಡಗು ಹತ್ತುವ ಮೊದಲೇ ಪಶುಸಂಗೋಪನಾ ಇಲಾಖೆಯ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್ ಕೈಯಲ್ಲಿರಬೇಕು, ರಫ್ತು ದೇಶದ ಪಶುವೈದ್ಯ ಪ್ರಮಾಣಪತ್ರ ಅದರ ಷರತ್ತುಗಳಿಗೆ ಪದಶಃ ಹೊಂದಬೇಕು. ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಂತೆ ಬಂದರಿನಲ್ಲಿ ಆಯುಷ್ಯದ ಶೇ. 60 ಅಥವಾ ಮೂರು ತಿಂಗಳು, ಯಾವುದು ಕಡಿಮೆಯೋ ಅಷ್ಟು ಉಳಿದಿದ್ದರೆ ಮಾಲು ಬಿಡುಗಡೆಯಾಗುತ್ತದೆ. ಆದರೆ ಮೂರೇ ತಿಂಗಳು ಉಳಿದ ಪುಡಿಯಿಂದ ಒಂಬತ್ತು ತಿಂಗಳ ಆಯುಷ್ಯದ ಮಿಕ್ಸ್ ಮಾಡಲಾಗುವುದಿಲ್ಲ. ಆದ್ದರಿಂದ ಪರ್ಚೇಸ್ ಆರ್ಡರ್‌ನಲ್ಲೇ, ಗೋದಾಮು ತಲುಪಿದ ದಿನಕ್ಕೆ ಕನಿಷ್ಠ ಒಂಬತ್ತು ತಿಂಗಳು ಬಾಕಿ ಇರಬೇಕು, ಕಂಟೇನರ್ ಡೆಕ್ಕಿನ ಕೆಳಗೆ ಬರಬೇಕು ಎಂದು ಬರೆಯುತ್ತೇವೆ. ಬೇಸಿಗೆಯಲ್ಲಿ ಡೆಕ್ಕಿನ ಮೇಲೆ ಕಾದು ಬಂದ ಪುಡಿ ಸಿಒಎಯಲ್ಲಿ ಬಿಳಿ, ಚೀಲದಲ್ಲಿ ಕಂದು.