ಕೈ ಕಾಣದ ಹೊತ್ತಿನಲ್ಲಿ ಕೆಂಚಿಗೆ ಎಡಬಲ ಕಲಿಸಿದ್ದು

ನಾಯಿ ನಮ್ಮ ಕೈ ನೋಡಿ ತಿರುಗುತ್ತದೆಯೇ ಹೊರತು ಮಾತು ಕೇಳಿ ತಿರುಗುವುದಿಲ್ಲ, ಆದ್ದರಿಂದ ಎರಡು ಪಕ್ಕಕ್ಕೂ ‘ಓವರ್’ ಎಂಬ ಒಂದೇ ಪದ ಸಾಕು ಎಂಬುದು ಇಲ್ಲಿ ಅಮೆರಿಕದ ಫಾರ್ಗೋ ಸುತ್ತಮುತ್ತ ರಿಟ್ರೀವರ್ (ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಎತ್ತಿ ತರುವ ನಾಯಿ) ಸಾಕಿರುವ ನನ್ನ ಪರಿಚಿತರೆಲ್ಲರ ಅಭಿಪ್ರಾಯ. ಮೂರು ವರ್ಷಗಳ ಹಿಂದೆ ನಾನು ಎರಡು ದಿಕ್ಕಿಗೆ ಎರಡು ಪದ, ಅದೂ ಕನ್ನಡದ ಪದ, ಕಲಿಸುತ್ತೇನೆ ಎಂದಾಗ ಮಿನಿಯಾಪೊಲಿಸ್‌ನ ಗೆಳೆಯರೊಬ್ಬರು, “ಇಂಗ್ಲಿಷೇ ತಲೆಗೆ ಹತ್ತದ ನಾಯಿಗೆ ಕನ್ನಡ ಹೇಳಿಕೊಡ್ತೀರಾ ಸ್ವಾಮಿ?” ಎಂದು ನಕ್ಕಿದ್ದರು. ಕಳೆದ ಅಕ್ಟೋಬರಿನಲ್ಲಿ ನನ್ನ ನಾಯಿ ಕೆಂಚಿ ಅವರ ಎದುರಿಗೇ ಮಾಡಿ ತೋರಿಸಿದ ಮೇಲೆ ನನಗೆ ಬರೆಯುವ ಧೈರ್ಯ ಬಂದಿದೆ.

ಹಕ್ಕಿ ಬಿದ್ದದ್ದನ್ನು ನೋಡಿರದ ನಾಯಿಗೆ ದೂರದಿಂದ ದಾರಿ ತೋರುವ ಕೈಸನ್ನೆಯ ತೊಂದರೆ ಅಭ್ಯಾಸದ ಮೈದಾನದಲ್ಲಿ ಗೊತ್ತಾಗುವುದಿಲ್ಲ. ಅಲ್ಲಿ ನಾವು ಬಿಳಿ ಜಾಕೆಟ್ ತೊಟ್ಟು ಬೋಳು ಹುಲ್ಲಿನ ಮೇಲೆ ನಿಂತಿರುತ್ತೇವೆ. ಬಾತುಗಳ ಬೇಟೆಯಲ್ಲಾದರೋ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಗುಂಡು ಹಾರಿಸಲು ಅನುಮತಿಯಿದ್ದು, ಒಳ್ಳೆಯ ಹಕ್ಕಿಗಳೆಲ್ಲ ಬರುವುದು ಆ ಮಬ್ಬಿನಲ್ಲೇ; ನಾವು ಜೊಂಡಿನ ಬಣ್ಣದ ಬಟ್ಟೆ ತೊಟ್ಟು ಜೊಂಡಿಗೇ ಬೆನ್ನು ಕೊಟ್ಟು ಕೂತಿರುತ್ತೇವೆ; ಹಕ್ಕಿಗಳ ಮೇಲೆ ಬೆಳಕು ಬೀಳಲೆಂದು ಸೂರ್ಯನನ್ನು ಬೆನ್ನ ಹಿಂದೆ ಇಟ್ಟುಕೊಂಡಿರುವುದರಿಂದ, ನೂರು ಗಜದಾಚೆ ಸೀಟಿ ಕೇಳಿ ನಿಂತು ನಮ್ಮತ್ತ ತಿರುಗಿದ ನಾಯಿಗೆ ಎದುರು ಬಿಸಿಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಮೊದಲನೆಯ ಬೇಟೆಯ ಋತುವಿನಲ್ಲಿ ಕೆಂಚಿ ಹೀಗೆ ನಿಂತು ನಿಂತು ಕೊನೆಗೆ ತನಗೆ ತೋಚಿದತ್ತ ಹೋಗುತ್ತಿದ್ದಳು. ಆ ವರ್ಷ ಕೈತಪ್ಪಿದ ಬಾತುಗಳು ಹತ್ತಕ್ಕೆ ಕಡಿಮೆಯಿಲ್ಲ.

ಅದಕ್ಕೂ ಮೊದಲು ಕಳೆದುಕೊಂಡ ಹಣದ ಲೆಕ್ಕ ಹೇಳಬೇಕು. ಕೆಂಚಿಗೆ ಒಂದು ವರ್ಷ ತುಂಬಿದಾಗ ತರಬೇತುದಾರರೊಬ್ಬರ ಬಳಿ ಮೂರು ತಿಂಗಳು ಬಿಟ್ಟೆ. ತಿಂಗಳಿಗೆ ಸುಮಾರು 850 ಡಾಲರ್, ತರಬೇತಿಗೆ ಬಳಸುವ ಪಾರಿವಾಳದ ಖರ್ಚು ಬೇರೆ, ಒಟ್ಟು ಮೂರು ಸಾವಿರದ ಹತ್ತಿರ ಹೋಯಿತು. ಮರಳಿ ಬಂದ ನಾಯಿ ಅವರ ಹೊಲದಲ್ಲಿ ಗಡಿಯಾರದಂತೆ ನಡೆದುಕೊಳ್ಳುತ್ತಿತ್ತು, ನನ್ನ ಹೊಲದಲ್ಲಿ ಸೀಟಿಗೆ ಕಿವಿಗೊಡುತ್ತಿರಲಿಲ್ಲ. ದೂರುವುದರಲ್ಲಿ ಅರ್ಥವಿಲ್ಲ, ಆದರೆ ಆ ಹಣದಲ್ಲಿ ಬೇಕಾದಷ್ಟು ಬಂಪರ್ (ಅಭ್ಯಾಸದಲ್ಲಿ ಹಕ್ಕಿಯ ಬದಲು ನಾಯಿ ಎತ್ತಿ ತರುವ ಉರುಳೆ) ಬರುತ್ತಿತ್ತೆಂಬ ಸಂಕಟ ಈಗಲೂ ಇದೆ.

ಹಾಗಾಗಿ ಪರಿಚಯದ ರೈತರೊಬ್ಬರ ಗೋಧಿಯ ಕೂಳೆಯಲ್ಲಿ ಬೇಸ್‌ಬಾಲ್ ಅಭ್ಯಾಸವನ್ನು, ಅಂದರೆ ನಡುವೆ ನಿಂತ ನಾಯಿಯನ್ನು ಎಡದ, ಬಲದ, ಹಿಂದಿನ ಗುಡ್ಡೆಗಳಿಗೆ ಕಳಿಸುವುದನ್ನು, ಮೊದಲಿನಿಂದ ಶುರುಮಾಡಿದೆ. ಮೂರು ಗುಡ್ಡೆ, ಗುಡ್ಡೆಗೆ ಏಳೆಂಟು ಬಂಪರ್, ಇಪ್ಪತ್ತು ಗಜದಿಂದ ಅರವತ್ತರವರೆಗೆ. ಇದು ನಾಯಿ ಪಳಗಿಸುವವರಿಗೆಲ್ಲ ಗೊತ್ತಿರುವುದೇ. ನಾನು ಎಡವಿದ್ದು ಎರಡು ಕಡೆ. ಬಿಳಿ ಬಂಪರ್ ಇಟ್ಟಿದ್ದರಿಂದ ಅವಳು ನನ್ನನ್ನು ಕೇಳದೆ ಕಣ್ಣಿಗೆ ಬಿದ್ದ ಗುಡ್ಡೆಗೇ ಓಡುತ್ತಿದ್ದಳು. ನಾಯಿಯ ಕಣ್ಣಿಗೆ ಹುಲ್ಲಿನಲ್ಲಿ ಅಷ್ಟಾಗಿ ಎದ್ದು ಕಾಣದ ಕಿತ್ತಳೆ ಬಣ್ಣದವನ್ನು ಇಟ್ಟ ಮೇಲೆ ಅದು ನಿಂತಿತು. ಎರಡನೆಯದು ದುರಾಸೆ. ಹಿಂದಿನ ಗುಡ್ಡೆಗೆ ಹೋಗುವಾಗಲೆಲ್ಲ ಸೀಟಿ ಊದಿ ನಿಲ್ಲಿಸಿ ಪಕ್ಕಕ್ಕೆ ಕಳಿಸುವ ಚಟ ಹತ್ತಿ, ಮೂರನೆಯ ವಾರಕ್ಕೆ ಅವಳು ಸೀಟಿಯಿಲ್ಲದೆಯೇ ನಡುದಾರಿಯಲ್ಲಿ ನಿಂತು ತಿರುಗಿ ನನ್ನ ಮುಖ ನೋಡಲಾರಂಭಿಸಿದಳು. ಆ ಅಭ್ಯಾಸ ಬಿಡಿಸಲು ಆರು ವಾರ ಬೇಕಾಯಿತು. ಈಗ ಒಂದು ಸಲ ನಿಲ್ಲಿಸಿದರೆ ನಾಲ್ಕು ಸಲ ತಡೆಯಿಲ್ಲದೆ ಓಡಲು ಬಿಡುತ್ತೇನೆ.

ಇನ್ನು ಪದಗಳ ಕಥೆ. ‘ಎಡ’, ‘ಬಲ’, ‘ಹಿಂದೆ’ (ನನ್ನಿಂದ ಇನ್ನೂ ದೂರಕ್ಕೆ) ಎಂದು ಉತ್ಸಾಹದಿಂದ ಆರಂಭಿಸಿದೆ. ‘ಬಲ’ ಎಂದ ಕೂಡಲೇ ಕೆಂಚಿ ಬಲಕ್ಕೆ ಹೋಗುವ ಬದಲು ನನ್ನತ್ತ ಓಡಿ ಬರುತ್ತಿದ್ದಳು. ಏನೋ ಹಟವೆಂದು ಎರಡು ವಾರ ಅವಳನ್ನೇ ಗದರಿದೆ. ಮನೆಯಲ್ಲಿ ಮರಿಯಾಗಿದ್ದಾಗಿನಿಂದ ಅವಳನ್ನು ಕರೆಯುತ್ತಿದ್ದುದು ‘ಬಾ’ ಎಂದು, ಐವತ್ತು ಗಜದಾಚೆಗೆ ‘ಬಲ’ದಲ್ಲಿ ಉಳಿಯುವುದು ಆ ಮೊದಲಕ್ಷರ ಮಾತ್ರ ಎಂಬುದು ನನ್ನ ಹೆಂಡತಿಗೆ ಹೊಳೆಯಿತು, ನನಗಲ್ಲ. ಆ ಜಾಗಕ್ಕೆ ‘ರೈಟ್’ ಬಂತು. ಊರಿನ ಬಸ್ಸುಗಳಲ್ಲಿ ಕಂಡಕ್ಟರ್ ಕೂಗುವ ಧಾಟಿಯಲ್ಲೇ ಕೂಗಿದರೆ ಗಂಟಲು ತಾನಾಗಿ ತೆರೆಯುತ್ತದೆ. ಒಂದು ಸೀಟಿಗೆ ನಿಲ್ಲುವುದೂ ಅಲ್ಲಿನ ಪದ್ಧತಿಯೇ ಆದ್ದರಿಂದ ನನಗೆ ಅದು ತೀರ ಸಹಜವೆನಿಸಿತು. ‘ಹಿಂದೆ’ ಎಂಬುದರ ಹಕಾರ ಬಾಯಿಂದ ಹೊರಡುವ ಮೊದಲೇ ಗಾಳಿಗೆ ಹೋಗುತ್ತದೆ; ಅದನ್ನು ಬಿಟ್ಟು ಎಲ್ಲರಂತೆ ‘ಬ್ಯಾಕ್’ ಎಂದೆ. ‘ಎಡ’ವನ್ನು ‘ಎಡಕ್ಕೆ’ ಮಾಡಿದಾಗ ಆ ಒತ್ತಕ್ಷರ ದೂರಕ್ಕೆ ಚೆನ್ನಾಗಿ ಬಡಿಯಿತು. ಕೊನೆಗೆ ನನ್ನ ಕನ್ನಡದ ನಾಯಿಗೆ ಉಳಿದ ಕನ್ನಡ ಇದೊಂದೇ ಪದ. ಎಡವೆಂದರೆ ನನ್ನ ಎಡ, ಅವಳದಲ್ಲ. ಇದನ್ನು ಮೊದಲೇ ನಿರ್ಧರಿಸದಿದ್ದರೆ ಗೊಂದಲವಾಗುವುದು ನಾಯಿಗಲ್ಲ, ನಮಗೆ.

ಪದ ಸಿಕ್ಕಿದರೂ ಅವಳು ಮಾತಿಗೆ ತಿರುಗುತ್ತಿರಲಿಲ್ಲ, ಕೈಗೇ ತಿರುಗುತ್ತಿದ್ದಳು. ಏಕೆಂದರೆ ನಾನೂ ಎಲ್ಲರಂತೆ ಕೂಗು ಮತ್ತು ಕೈಯನ್ನು ಒಟ್ಟಿಗೆ ಕೊಡುತ್ತಿದ್ದೆ. ಕೈ ಕಂಡ ಮೇಲೆ ಕೂಗನ್ನು ಕೇಳುವ ಅಗತ್ಯ ಅವಳಿಗೇನು? ಆಮೇಲೆ ಮೊದಲು ಕೂಗಿ, ಎರಡು ಎಣಿಸುವಷ್ಟು ಹೊತ್ತು ಕೈಯನ್ನು ಬೆನ್ನ ಹಿಂದೆಯೇ ಹಿಡಿದು, ಆನಂತರ ಚಾಚತೊಡಗಿದೆ. ಹತ್ತು ಹನ್ನೆರಡು ದಿನ ಏನೂ ಆಗಲಿಲ್ಲ. ಒಂದು ಸಂಜೆ ‘ಎಡಕ್ಕೆ’ ಎಂದಾಗ, ನನ್ನ ಕೈ ಇನ್ನೂ ಬೆನ್ನ ಹಿಂದಿರುವಾಗಲೇ, ಅವಳ ಕಿವಿಯ ಬುಡ ಒಮ್ಮೆ ಅಲುಗಿ ಎದೆ ಆ ಕಡೆಗೆ ವಾಲಿತು. ಕೈ ಮೇಲೇಳುವಷ್ಟರಲ್ಲಿ ಅರ್ಧ ದೂರ ಹೋಗಿದ್ದಳು. ಅಲ್ಲಿಂದ ಕೈಯನ್ನು ಪೂರ್ತಿ ಬಿಡಿಸುವವರೆಗೆ ಇನ್ನೊಂದು ತಿಂಗಳಾಯಿತು. ಆ ಹಂತದಲ್ಲಿ ತಪ್ಪು ದಿಕ್ಕಿಗೆ ಹೊರಟ ನಾಯಿಯನ್ನು ಗದರದೆ ತಿದ್ದಲು ನಾನು ಮಾಡಿದ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಕ್ಕವರು ಸ್ವಲ್ಪ ದುಡಿಯಲಿ.

ನಡುವೆ ಅಡ್ಡದಾರಿಗಳನ್ನೂ ಹಿಡಿದೆ. ಮಣಿಕಟ್ಟಿಗೆ ಎಲ್‌ಇಡಿ ಪಟ್ಟಿ ಕಟ್ಟಿದೆ. ನಾಯಿಗೆ ಕಂಡಿತು, ಬಾತುಗಳಿಗೂ ಕಂಡಿತು, ಇಳಿಯುತ್ತಿದ್ದ ಗುಂಪು ಡಿಕಾಯ್‌ಗಳ (ಹಕ್ಕಿಗಳನ್ನು ಸೆಳೆಯಲು ಇಡುವ ಹುಸಿ ಬಾತುಗಳ) ಮೇಲಿನಿಂದಲೇ ತಿರುಗಿ ಹೋಯಿತು. ಪಟ್ಟಿಗೆ ಕೊಟ್ಟ ಅರವತ್ತು ಡಾಲರ್ ವ್ಯರ್ಥ. ತೋಳಿನ ಒಳಮಗ್ಗುಲಿಗೆ ಬಿಳಿ ಬಟ್ಟೆ ಹೊಲಿಸಿದ್ದು ಮೋಡದ ದಿನಗಳಲ್ಲಿ ಉಪಯೋಗಕ್ಕೆ ಬಂತು, ಎದುರು ಬಿಸಿಲಿನಲ್ಲಿ ಅಲ್ಲ.

ಅಕ್ಟೋಬರಿನ ಆ ಬೆಳಿಗ್ಗೆ ನಾವಿದ್ದದ್ದು ಜೇಮ್ಸ್‌ಟೌನ್ ಆಚೆಯ ಒಂದು ಕುಂಟೆಯ ಪೂರ್ವದ ದಡದಲ್ಲಿ. ರೆಕ್ಕೆಗೆ ಏಟು ಬಿದ್ದ ಗಂಡು ಮಲಾರ್ಡ್ ಬಾತೊಂದು ಗಾಳಿಯಲ್ಲಿ ತೇಲಿಕೊಂಡು ಹೋಗಿ ಸುಮಾರು 130 ಗಜದಾಚೆ ಎದುರು ದಡದ ಜೊಂಡಿನಲ್ಲಿ ಬಿತ್ತು. ಕೆಂಚಿ ಆಗ ಇನ್ನೊಂದು ಹಕ್ಕಿಯನ್ನು ತರುತ್ತಿದ್ದುದರಿಂದ ಅದನ್ನು ನೋಡಿರಲಿಲ್ಲ. ‘ಬ್ಯಾಕ್’ ಎಂದು ಕಳಿಸಿದೆ. ತೆಂಕಣ ಗಾಳಿ ಅವಳನ್ನು ಮೆಲ್ಲನೆ ಬಲಕ್ಕೆ ತಳ್ಳುತ್ತ ಹೋಯಿತು. ಅಷ್ಟರಲ್ಲಿ ಸೂರ್ಯ ನಮ್ಮ ಬೆನ್ನ ಹಿಂದೆ ಮೇಲೆದ್ದಿದ್ದ. ಸೀಟಿ ಊದಿದೆ, ನೀರಿನಲ್ಲೇ ತಿರುಗಿ ಕಾಲಾಡಿಸುತ್ತ ನಿಂತಳು. ಗೆಳೆಯರು ನೋಡಲೆಂದೇ ಎರಡೂ ಕೈ ಜೇಬಿನಲ್ಲಿಟ್ಟು ‘ಎಡಕ್ಕೆ’ ಎಂದು ಕೂಗಿದೆ. ಗಾಳಿಗೆ ಎದುರಾಗಿ ಇಪ್ಪತ್ತು ಗಜ ಈಜಿ ಮತ್ತೆ ಬಲಕ್ಕೆ ವಾಲಿದಳು. ಇನ್ನೊಂದು ಸೀಟಿ, ಇನ್ನೊಂದು ‘ಎಡಕ್ಕೆ’, ಆಮೇಲೆ ಜೊಂಡಿನ ನೇರಕ್ಕೆ ಬಂದಾಗ ‘ಬ್ಯಾಕ್’. ಜೊಂಡಿನೊಳಗೆ ಎರಡು ನಿಮಿಷ ಸದ್ದಷ್ಟೇ ಕೇಳಿತು. ಹಕ್ಕಿಯನ್ನು ಕಚ್ಚಿಕೊಂಡು ಹೊರಬಂದಾಗ ಗೆಳೆಯರು, “ಕೈ ಜೇಬಲ್ಲೇ ಇತ್ತಲ್ರೀ!” ಎಂದರು. ಅದಕ್ಕೆ ನಾನು ಏನೂ ಹೇಳಲಿಲ್ಲ.

ಆ ಋತುವಿನಲ್ಲಿ ಅವಳು ತಂದ ನಲವತ್ತು ಚಿಲ್ಲರೆ ಬಾತುಗಳಲ್ಲಿ ಹನ್ನೊಂದೋ ಹನ್ನೆರಡೋ ಹೀಗೆ ದಾರಿ ತೋರಿಸಿ ತರಿಸಿದವು, ಅವುಗಳಲ್ಲಿ ಏಳು ಬರಿಯ ಮಾತಿನಿಂದ. ಹಿಂದಕ್ಕೆ, ಆದರೆ ಓರೆಯಾಗಿ ಹೋಗಲೆಂದು ಕೈ ಸ್ವಲ್ಪ ಓರೆ ಮಾಡಿ ಕೊಡುವ ‘ಬ್ಯಾಕ್’ ಇದೆಯಲ್ಲ, ಅದನ್ನು ಮಾತಿನಲ್ಲಿ ಹೇಳಲು ಈ ಬೇಸಿಗೆಯಲ್ಲಿ ಮೂರು ಪದ ಪ್ರಯತ್ನಿಸಿದೆ. ಮೂರಕ್ಕೂ ಅವಳು ನೇರ ಹಿಂದಕ್ಕೇ ಹೋಗುತ್ತಾಳೆ.